ತಾಳಿಯ ಜೊತೆಗೆ ಕಾಗದವೂ ಬೇಕು



ಹೋದ ಸಂಚಿಕೆಯಲ್ಲಿ ಮಿಡಿ ಉಪ್ಪಿನಕಾಯಿಗೆ ಬೂಷ್ಟು ಹಿಡಿಯದ ಹಾಗೆ ಏನು ಮಾಡಬೇಕು ಅಂತ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳ ನಡುವೆ ಒಂದು ಪತ್ರ ಬೇರೆಯೇ ಬಗೆಯದಾಗಿತ್ತು. ಅರಸೀಕೆರೆಯ ಕಡೆಯ ಒಬ್ಬ ತಾಯಿ ಬರೆದದ್ದು. ಅವರ ಒಬ್ಬನೇ ಮಗ ಜರ್ಮನಿಯಲ್ಲಿ ಕೆಲಸಕ್ಕಿದ್ದವನು, ಈಗ ಊರಿಗೆ ಬಂದು ಮನೆಯಿಂದಲೇ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಾನೆ. ಅವನನ್ನು ಮೆಚ್ಚಿದ ಅಲ್ಲಿಯ ಹುಡುಗಿ ಪ್ರವಾಸಿ ವೀಸಾದ ಮೇಲೆ ಬಂದಳು. ನಂಜನಗೂಡಿನಲ್ಲಿ ದೇವರ ಎದುರಿಗೆ ಮದುವೆಯೂ ಆಯಿತು. ಈಗ 55 ದಿನ. ಹುಡುಗಿ ಬಸುರಿ. ವೀಸಾ ಮುಗಿಯಲು ಇನ್ನು 70 ದಿನ ಉಳಿದಿದೆ.

"ತಾಳಿ ಕಟ್ಟಿದ ಮೇಲೆ ಅವಳು ನಮ್ಮವಳಲ್ಲವೇ? ಇನ್ನು ವೀಸಾ ಯಾಕೆ ಅಂತ ನಮ್ಮವರು ಅನ್ನುತ್ತಾರೆ. ಮಗ ಆಗುತ್ತೆ ಬಿಡಮ್ಮ ಅನ್ನುತ್ತಾನೆ. ನನಗೆ ಮಾತ್ರ ರಾತ್ರಿ ನಿದ್ದೆ ಇಲ್ಲ. ನೀವು ನಜರ್‌ಬಾದಿನವರು, ನಿಮ್ಮಲ್ಲೇ ಆ ಕಚೇರಿ ಇದೆಯಂತಲ್ಲ, ತಿಳಿದು ಹೇಳಿ" ಅಂತ ಕೇಳಿದ್ದಾರೆ.

ಆ ಅಕ್ಕನಿಗೆ ಪತ್ರಿಕೆ ಅಚ್ಚಾಗುವ ತನಕ ಕಾಯಿಸುವುದು ಸರಿಯಲ್ಲವೆಂದು ಅಂಚೆಯಲ್ಲಿ ಆಗಲೇ ಉತ್ತರ ಹಾಕಿದ್ದೇನೆ. ಆದರೆ ಇದು ಒಂದು ಮನೆಯ ಪ್ರಶ್ನೆಯಲ್ಲ. ಇಂದು ಹಾಸನ, ತುಮಕೂರು, ಶಿವಮೊಗ್ಗದಂಥ ಊರುಗಳಲ್ಲೂ ಪರದೇಶದ ಸೊಸೆಯೋ ಅಳಿಯನೋ ಬಂದಿರುವ ಮನೆಗಳಿವೆ. ಆರತಿ ಎತ್ತಿ ಒಳಗೆ ಕರೆದುಕೊಳ್ಳುವುದು ನಮಗೆ ಗೊತ್ತು. ಅದರ ಮುಂದಿನ ಕೆಲಸ ಗೊತ್ತಿರುವುದಿಲ್ಲ. ಅದಕ್ಕೇ ಈ ಸಲ ಅಡಿಗೆಮನೆ ಬಿಟ್ಟು ಕಚೇರಿಯ ಮಾತು.

ನನಗೆ ಹೇಗೆ ಗೊತ್ತಾಯಿತು ಅಂದರೆ

ನಾನು ಎಸ್.ಎಸ್.ಎಲ್.ಸಿ. ಓದಿದವಳು, ವಕೀಲಳಲ್ಲ. ಆದರೆ ಮೈಸೂರು ನಗರದ ಪೊಲೀಸ್ ಕಮಿಷನರ್ ಕಚೇರಿ ಇರುವುದು ನಮ್ಮ ನಜರ್‌ಬಾದಿನಲ್ಲಿ. ಗೋಕುಲಂ ಕಡೆ ಯೋಗ ಕಲಿಯಲು ಬರುವ ವಿದೇಶಿಯರು ಈ ಕಡೆ ಓಡಾಡುವುದನ್ನು ನಾವು ನೋಡುತ್ತಲೇ ಇರುತ್ತೇವೆ. ನಮ್ಮ ಬಡಾವಣೆಗೂ ಪರಸ್ಥಳದ ನಂಟು ಹಳೆಯದು ನೋಡಿ. ಟಿಪ್ಪು ಸುಲ್ತಾನ ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲನ್ನು ಇಲ್ಲಿಗೆ ತರಿಸಿ ಹೊಸ ಕೋಟೆ ಕಟ್ಟಿಸಲು ಹೊರಟ. 1799ರಲ್ಲಿ ಅವನು ಮಡಿದ ಮೇಲೆ ಅದೇ ಕಲ್ಲುಗಳು ಮತ್ತೆ ಮೈಸೂರಿನ ಕೋಟೆಗೆ ಹೋದವು. ಬಂದದ್ದು, ಹೋದದ್ದು, ನೆಲೆ ನಿಂತದ್ದು ಎಲ್ಲ ಕಂಡ ಜಾಗ ಇದು.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಒಂದು ಮನೆಗೂ ಪರದೇಶದ ಸೊಸೆ ಬಂದಳು. ಅತ್ತೆಗೆ ಮಂಡಿನೋವು, ಮಗನಿಗೆ ಕೆಲಸ. ಹಾಗಾಗಿ ಆ ಹುಡುಗಿಯ ಜೊತೆ ನಾನೇ ಎಷ್ಟೋ ಸಲ ಓಡಾಡಿದೆ. ಝೆರಾಕ್ಸ್ ಅಂಗಡಿಯವನಿಗೆ ನಮ್ಮಿಬ್ಬರ ಗುರುತು ಹತ್ತಿತ್ತು! ಒಂದು ದಿನ ಪೊಲೀಸಿನವರು ವಿಚಾರಣೆಗೆ ಬಂದರು. ಎದುರು ಮನೆಯವಳಾದ ನನ್ನನ್ನೂ ಕೇಳಿದರು: "ಗಂಡ ಹೆಂಡತಿ ಒಟ್ಟಿಗೆ ಇದ್ದಾರೇನಮ್ಮ?" ನಾನು ಮಹಡಿಯ ಕಡೆ ಕೈ ತೋರಿಸಿದೆ. ಸೊಸೆ ತಲೆಗೆ ಟವಲು ಸುತ್ತಿಕೊಂಡು ಅತ್ತೆಯ ಜೊತೆ ಸಂಡಿಗೆ ಇಡುತ್ತಿದ್ದಳು. ಅವರು ನಕ್ಕು ಬರೆದುಕೊಂಡು ಹೋದರು. ಹೀಗೆ ಕಂಡದ್ದು, ಕೇಳಿದ್ದು, ಆಮೇಲೆ ಓದಿ ತಿಳಿದದ್ದು ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಮದುವೆಯ ಕಾಗದ

ಎಲ್ಲರೂ ತಪ್ಪು ತಿಳಿಯುವುದು ಇಲ್ಲೇ. ದೇವಸ್ಥಾನದಲ್ಲಿ ಮಾಡಿದ ಮದುವೆ ಮನಸ್ಸಿಗೆ ಸರಿ, ಸಮಾಜಕ್ಕೂ ಸರಿ. ಆದರೆ 1955ರ ಹಿಂದೂ ವಿವಾಹ ಕಾಯಿದೆ ನಡೆಯುವುದು ಇಬ್ಬರೂ ಹಿಂದೂಗಳಾಗಿದ್ದರೆ ಮಾತ್ರ. ಹುಡುಗಿ ಬೇರೆ ಮತದವಳಾಗಿದ್ದರೆ 1954ರ ವಿಶೇಷ ವಿವಾಹ ಕಾಯಿದೆಯ ದಾರಿ ಹಿಡಿಯಬೇಕು. ಅದರಲ್ಲಿ ಎರಡು ಬಾಗಿಲುಗಳಿವೆ.

ಒಂದು, ಇನ್ನೂ ಮದುವೆ ಆಗಿಲ್ಲದವರಿಗೆ. ಇಬ್ಬರಲ್ಲಿ ಒಬ್ಬರಾದರೂ 30 ದಿನದಿಂದ ವಾಸವಾಗಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟೀಸು ಕೊಡಬೇಕು. ಮಗ ಊರಿನಲ್ಲೇ ಇದ್ದರೆ ಅವನ ವಾಸ ಸಾಕು. ನೋಟೀಸನ್ನು ಕಚೇರಿಯಲ್ಲಿ ಹಚ್ಚುತ್ತಾರೆ. 30 ದಿನದೊಳಗೆ ನ್ಯಾಯವಾದ ಆಕ್ಷೇಪಣೆ ಬರದಿದ್ದರೆ ಮೂವರು ಸಾಕ್ಷಿಗಳ ಮುಂದೆ ಮದುವೆ. ನೋಟೀಸು ಕೊಟ್ಟ 3 ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಮೊದಲಿನಿಂದ.

ಎರಡು, ಶಾಸ್ತ್ರದ ಮದುವೆ ಆಗಿಹೋಗಿರುವವರಿಗೆ. ಅದನ್ನೇ ಈ ಕಾಯಿದೆಯ ಕೆಳಗೆ ನೋಂದಾಯಿಸಬಹುದು. ಇದಕ್ಕೆ ಇಬ್ಬರೂ ಆ ಜಿಲ್ಲೆಯಲ್ಲಿ 30 ದಿನ ವಾಸ ಮಾಡಿರಬೇಕು, ಇಬ್ಬರಿಗೂ 21 ತುಂಬಿರಬೇಕು, ಮದುವೆಯಾದಂದಿನಿಂದ ಸತಿಪತಿಗಳಾಗಿ ಬಾಳುತ್ತಿರಬೇಕು. ಅರ್ಜಿ ಕೊಟ್ಟ ಮೇಲೆ ಇಲ್ಲಿಯೂ 30 ದಿನದ ಪ್ರಕಟಣೆ ಉಂಟು.

ಎರಡು ಬಾಗಿಲಿಗೂ ಬೇಕಾದ ಒಂದು ಕಾಗದ ಪರದೇಶದಿಂದಲೇ ಬರಬೇಕು. ಹುಡುಗಿಗೆ ಅಲ್ಲಿ ಬೇರೆ ಮದುವೆ ಇಲ್ಲ ಎನ್ನುವ ಪತ್ರ. ಅದನ್ನು ಅವಳ ದೇಶದಿಂದಲೋ ಆ ದೇಶದ ರಾಯಭಾರ ಕಚೇರಿಯಿಂದಲೋ ತರಿಸಬೇಕು. ಬೇರೆ ಭಾಷೆಯಲ್ಲಿದ್ದರೆ ಅನುವಾದವನ್ನೂ ಮಾಡಿಸಬೇಕು. ಇದಕ್ಕೆ ದಿನ ಹಿಡಿಯುತ್ತದೆ. ಆದ್ದರಿಂದ ಹುಡುಗಿ ವಿಮಾನ ಹತ್ತುವ ಮುಂಚೆಯೇ ಅದನ್ನು ಕೈಯಲ್ಲಿ ಹಿಡಿದು ಬಂದರೆ ಅರ್ಧ ಕೆಲಸ ಮುಗಿದಂತೆ.

ಈಗ ಅರಸೀಕೆರೆಯ ಅಕ್ಕನ ಲೆಕ್ಕ ಹಾಕೋಣ. ಮದುವೆಯಾಗಿ 55 ದಿನ ಇಬ್ಬರೂ ಹಾಸನ ಜಿಲ್ಲೆಯಲ್ಲೇ ಇದ್ದಾರೆ. 30 ದಿನದ ವಾಸ ಆಯಿತು. ನಂಜನಗೂಡು ಮೈಸೂರು ಜಿಲ್ಲೆಯಲ್ಲವೇ, ಅಲ್ಲಿಗೇ ಹೋಗಬೇಕೇ ಅಂದರೆ ಬೇಕಿಲ್ಲ. ಕಾಯಿದೆ ಕೇಳುವುದು ವಾಸದ ಜಿಲ್ಲೆಯನ್ನು. ಇಂದೇ ಅರ್ಜಿ ಹಾಕಿದರೆ 30 ದಿನ ಪ್ರಕಟಣೆಗೆ ಹೋಯಿತು. 70ರಲ್ಲಿ 30 ಕಳೆದರೆ ಉಳಿದದ್ದು 40. ಆ 40 ದಿನದಲ್ಲಿ ವೀಸಾದ ಅರ್ಜಿ ಸೇರಬೇಕು. ಸಾಕು, ಆದರೆ ಒಂದು ವಾರವನ್ನೂ ಪೋಲು ಮಾಡುವ ಹಾಗಿಲ್ಲ. ತಿಂಗಳ ಕೊನೆಯಲ್ಲಿ ಸಕ್ಕರೆ ಡಬ್ಬಿ ನೋಡಿಕೊಂಡು ಸಂಸಾರ ತೂಗಿಸುವ ನಮಗೆ ಈ ಲೆಕ್ಕ ಕಷ್ಟವಲ್ಲ. ಗಂಡಸರಿಗೆ ಬಿಟ್ಟರೆ "ನಾಳೆ ನೋಡೋಣ" ಅಂತಲೇ ಹೋಗುತ್ತದೆ.

ಇನ್ನೊಂದು ಮಾತು, ಆಸ್ತಿ ಇರುವ ಮನೆಗಳಿಗೆ. ಹಿಂದೂ ಅವಿಭಕ್ತ ಕುಟುಂಬದ ಹುಡುಗ ಹಿಂದೂ ಅಲ್ಲದ ಹುಡುಗಿಯನ್ನು ಈ ಕಾಯಿದೆಯಂತೆ ಮದುವೆಯಾದರೆ, ಕಾನೂನಿನ ದೃಷ್ಟಿಯಲ್ಲಿ ಅವನು ಅವಿಭಕ್ತ ಕುಟುಂಬದಿಂದ ಬೇರೆಯಾದಂತೆ. ಹಾಗೆಂದ ಮಾತ್ರಕ್ಕೆ ಪಾಲು ಕಳೆದುಕೊಂಡ ಅಂತಲ್ಲ. ಆದರೂ ಅಣ್ಣತಮ್ಮಂದಿರ ನಡುವೆ ನಾಳೆ ಮಾತು ಬೆಳೆಯದಿರಲು ಒಬ್ಬ ವಕೀಲರನ್ನು ಈಗಲೇ ಕೇಳಿ.

ಮದುವೆ ಪರದೇಶದಲ್ಲೇ ಆಗಿದ್ದರೆ? ಅಲ್ಲಿಯ ನಮ್ಮ ರಾಯಭಾರ ಕಚೇರಿಯಲ್ಲಿ 1969ರ ವಿದೇಶಿ ವಿವಾಹ ಕಾಯಿದೆಯಂತೆ ಆಗಿರಬಹುದು. ಅದಕ್ಕೆ ಒಬ್ಬರಾದರೂ ಭಾರತದ ಪ್ರಜೆಯಾಗಿರಬೇಕು. ಅಥವಾ ಆ ದೇಶದ ಕಾನೂನಿನಂತೆ ಆಗಿರಬಹುದು. ಆಗ ಅಲ್ಲಿಯ ಪ್ರಮಾಣಪತ್ರಕ್ಕೆ ಅಲ್ಲಿಯೇ ಅಪೋಸ್ಟಿಲ್ ಮುದ್ರೆ ಹಾಕಿಸಿ ತರಬೇಕು. ಇಲ್ಲಿಗೆ ಬಂದ ಮೇಲೆ ನೆನಪಾದರೆ ಮತ್ತೆ ಅಷ್ಟು ದೂರ ಕಳಿಸಬೇಕಾಗುತ್ತದೆ.

ವೀಸಾ ಬದಲಾಯಿಸುವುದು

ಪ್ರವಾಸಿ ವೀಸಾ ಎಂದರೆ ನೋಡಿಕೊಂಡು ಹೋಗಲು ಕೊಟ್ಟ ಅನುಮತಿ. ನೆಲೆ ನಿಲ್ಲಲು ಕೊಟ್ಟದ್ದಲ್ಲ. ಭಾರತೀಯರ ಗಂಡ ಅಥವಾ ಹೆಂಡತಿಗೆ ಇರುವುದು ಪ್ರವೇಶ ವೀಸಾ, ಕಚೇರಿಯ ಭಾಷೆಯಲ್ಲಿ ಎಕ್ಸ್ ವೀಸಾ. ಹುಡುಗಿ ತನ್ನ ದೇಶದಲ್ಲಿರುವಾಗಲೇ ಮದುವೆಯ ಕಾಗದ ತೋರಿಸಿ ನಮ್ಮ ರಾಯಭಾರ ಕಚೇರಿಯಿಂದ ಅದನ್ನು ಪಡೆದು ಬರುವುದು ಸುಲಭವಾದ ದಾರಿ. ಪ್ರವಾಸಿ ವೀಸಾವನ್ನು ಇಲ್ಲಿದ್ದುಕೊಂಡು ಬೇರೆ ವೀಸಾ ಮಾಡಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಆದರೆ ವೀಸಾ ಜೀವಂತವಿರುವಾಗ ಭಾರತೀಯರನ್ನು ಮದುವೆಯಾದವರಿಗೆ ಬದಲಾವಣೆ ಕೇಳುವ ಅವಕಾಶವಿದೆ. ಜೀವಂತವಿರುವಾಗ ಎಂಬ ಮಾತಿನ ಕೆಳಗೆ ಎರಡು ಗೆರೆ ಎಳೆದುಕೊಳ್ಳಿ.

ಅರ್ಜಿ ಈಗ ಕಂಪ್ಯೂಟರಿನಲ್ಲಿ ಹೋಗುತ್ತದೆ. ಇ-ಎಫ್‌ಆರ್‌ಆರ್‌ಓ ಎಂಬ ಈ ಏರ್ಪಾಡು 2018ರಲ್ಲಿ ಬಂತು. ಸಾಮಾನ್ಯವಾಗಿ ಕೇಳುವುದು ಇಷ್ಟು: ಹುಡುಗಿಯ ಪಾಸ್‌ಪೋರ್ಟ್ ಮತ್ತು ವೀಸಾ, ಫೋಟೋ, ನೋಂದಾಯಿತ ಮದುವೆಯ ಪ್ರಮಾಣಪತ್ರ, ಗಂಡ ಭಾರತೀಯನೆಂಬುದಕ್ಕೆ ದಾಖಲೆ, ಮನೆ ವಿಳಾಸಕ್ಕೆ ದಾಖಲೆ, ಅವಳ ಜವಾಬ್ದಾರಿ ತನ್ನದೆಂದು ಗಂಡ ಬರೆದುಕೊಡುವ ಪತ್ರ. ಆಮೇಲೆ ಪೊಲೀಸಿನವರು ವಿಚಾರಿಸುತ್ತಾರೆ. ಅವರು ನೋಡುವುದು ಹುಡುಗಿಯ ಹಿನ್ನೆಲೆ ಏನು, ಮದುವೆ ನಿಜವೇ, ಇಬ್ಬರೂ ಒಟ್ಟಿಗೆ ಬಾಳುತ್ತಿದ್ದಾರೆಯೇ ಎಂದು. ಪೊಲೀಸು ಬಾಗಿಲಿಗೆ ಬಂತು ಅಂತ ಮಾನ ಹೋದಂತೆ ಅಳುಕಬೇಡಿ. ಕೂರಿಸಿ, ನೀರು ಕೊಟ್ಟು, ಇದ್ದದ್ದು ಇದ್ದ ಹಾಗೆ ಹೇಳಿ. ಅಕ್ಕಪಕ್ಕದವರಿಗೂ ಮೊದಲೇ ಒಂದು ಮಾತು ತಿಳಿಸಿರಿ.

ಇದಕ್ಕೆಲ್ಲ ಎಲ್ಲರೂ ನಮ್ಮ ನಜರ್‌ಬಾದಿಗೆ ಬರಬೇಕಾಗಿಲ್ಲ. ಜಿಲ್ಲೆಗಳಲ್ಲಿ ಪೊಲೀಸ್ ಸೂಪರಿಂಟೆಂಡೆಂಟರ ಕಚೇರಿಯೇ ವಿದೇಶಿಯರ ನೋಂದಣಿ ನೋಡಿಕೊಳ್ಳುತ್ತದೆ. ಅರಸೀಕೆರೆಯವರಿಗೆ ಹಾಸನ ಸಾಕು. ಪ್ರಾದೇಶಿಕ ಕಚೇರಿ ಇರುವುದು ಬೆಂಗಳೂರಿನಲ್ಲಿ. 180 ದಿನ ಮೀರಿದ ವೀಸಾ ಹಿಡಿದು ಬಂದು ನೆಲೆಸುವವರು ಬಂದ 14 ದಿನದೊಳಗೆ ನೋಂದಣಿ ಮಾಡಿಸಬೇಕು. ಪರದೇಶದವರನ್ನು ಮನೆಯಲ್ಲಿ ಇಳಿಸಿಕೊಂಡವರೂ 24 ಗಂಟೆಯೊಳಗೆ ಆ ವಿಷಯವನ್ನು ತಿಳಿಸಬೇಕು. ಇದು ಹೋಟೆಲಿನವರಿಗೆ ಮಾತ್ರ ಅಂದುಕೊಂಡಿರುವವರೇ ಹೆಚ್ಚು. ನೇಪಾಳ, ಭೂತಾನದ ಸೊಸೆಯರಿಗೆ ಮಾತ್ರ ಈ ವೀಸಾದ ತಾಪತ್ರಯವಿಲ್ಲ.

ಎಕ್ಸ್ ವೀಸಾ ಬಂತೆಂದು ಕೂಡಲೇ ಸಂಬಳದ ಕೆಲಸಕ್ಕೆ ಸೇರಿಸಬೇಡಿ. ಕೆಲಸದ ಅನುಮತಿ ಬೇರೆ ಮಾತು. ಕಚೇರಿಯಲ್ಲಿ ಕೇಳಿ, ಲಿಖಿತವಾಗಿ ಪಡೆದು ಮುಂದುವರಿಯಿರಿ.

ದಿನ ಮೀರಿದರೆ ಏನು?

1939ರ ಮತ್ತು 1946ರ ಹಳೆಯ ವಿದೇಶಿಯರ ಕಾಯಿದೆಗಳು ಈಗ ಇಲ್ಲ. 2025ರ ವಲಸೆ ಮತ್ತು ವಿದೇಶಿಯರ ಕಾಯಿದೆ ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ. ವೀಸಾದ ಅವಧಿ ಮೀರಿ ಉಳಿದರೆ 3 ವರ್ಷದವರೆಗೆ ಸೆರೆ ಅಥವಾ 3 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹೆದರಿಸಲು ಹೇಳುತ್ತಿಲ್ಲ. ಆದರೆ ಇದಕ್ಕಿಂತಲೂ ದೊಡ್ಡ ಮಾತು ಇನ್ನೊಂದಿದೆ. ಬಸುರಿ ಸೊಸೆ ಇರುವ ಮನೆಯವರು ಇದನ್ನು ಎರಡು ಸಲ ಓದಬೇಕು.

ನಮ್ಮ ದೇಶದಲ್ಲಿ ಹುಟ್ಟಿದ ಮಗು ತಾನಾಗಿ ಭಾರತೀಯ ಎನ್ನುವುದು ಹಳೆಯ ಮಾತು. 2004ರ ಡಿಸೆಂಬರ್ 3ರಿಂದ ಈಚೆಗೆ ಹುಟ್ಟಿದ ಮಗುವಿಗೆ ಕಾನೂನು ಬೇರೆ. ತಂದೆತಾಯಿ ಇಬ್ಬರೂ ಭಾರತೀಯರಾಗಿರಬೇಕು. ಇಲ್ಲವೇ ಒಬ್ಬರು ಭಾರತೀಯರಾಗಿದ್ದು, ಇನ್ನೊಬ್ಬರು ಮಗು ಹುಟ್ಟುವ ಹೊತ್ತಿನಲ್ಲಿ ಅಕ್ರಮ ವಲಸಿಗರಾಗಿರಬಾರದು. ಸರಿಯಾದ ಕಾಗದದ ಮೇಲೆ ಬಂದು ಅವಧಿ ಮೀರಿ ಉಳಿದವರೂ ಕಾನೂನಿಗೆ ಅಕ್ರಮ ವಲಸಿಗರೇ. ಅಂದರೆ ಏನಾಯಿತು? ತಾಯಿಯ ವೀಸಾ ಮುಗಿದಿರುವಾಗ ಹೆರಿಗೆಯಾದರೆ, ಅರಸೀಕೆರೆಯ ಆಸ್ಪತ್ರೆಯಲ್ಲಿ, ಭಾರತೀಯ ತಂದೆಗೆ, ಕನ್ನಡದ ಅಜ್ಜಿಯ ಕಣ್ಣೆದುರಿಗೇ ಹುಟ್ಟಿದ ಮಗುವಿನ ಪೌರತ್ವಕ್ಕೇ ಕುತ್ತು ಬರುತ್ತದೆ. ತೊಟ್ಟಿಲು, ಕುಲಾವಿ, ಹಾಲುಗಡಗ ಎಲ್ಲ ಮುಂಚೆಯೇ ಜೋಡಿಸುವ ನಾವು ಇದನ್ನೂ ಜೋಡಿಸಿಡಬೇಡವೇ? ಅರಸೀಕೆರೆಯ ಅಕ್ಕನಿಗೆ ಯಾಕೆ ನಿದ್ದೆ ಬರಲಿಲ್ಲವೋ ಅವರಿಗೇ ಗೊತ್ತಿರಲಾರದು. ಆದರೆ ಹೆಣ್ಣಿನ ಕರುಳು ಸರಿಯಾದ ಜಾಗಕ್ಕೇ ಬೆರಳಿಟ್ಟಿತ್ತು.

ಮಗು ಪರದೇಶದಲ್ಲಿ ಹುಟ್ಟಿದರೂ ಒಂದು ಗಡುವಿದೆ. ಹುಟ್ಟಿದ 1 ವರ್ಷದೊಳಗೆ ಅಲ್ಲಿಯ ನಮ್ಮ ದೂತಾವಾಸದಲ್ಲಿ ನೋಂದಾಯಿಸಬೇಕು, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆತಾಯಿ ಬರೆದುಕೊಡಬೇಕು.

ಎರಡು ವರ್ಷಕ್ಕೆ, ಏಳು ವರ್ಷಕ್ಕೆ

ಮದುವೆ ನೋಂದಣಿಯಾಗಿ, 2 ವರ್ಷ ಬಿಡದೆ ಸಂಸಾರ ನಡೆದ ಮೇಲೆ ಓಸಿಐ ಚೀಟಿಗೆ ಅರ್ಜಿ ಹಾಕಬಹುದು. ಸಾಗರೋತ್ತರ ಭಾರತೀಯ ನಾಗರಿಕ ಎಂದು ಅದರ ಹೆಸರು. 2005ರಲ್ಲಿ ಕಾಯಿದೆಗೆ ಸೇರಿದ್ದು. ಭಾರತೀಯರನ್ನು ಮದುವೆಯಾದ ಪರದೇಶದವರಿಗೂ ಅದು ಸಿಗುವಂತೆ ಕಾಯಿದೆಯಲ್ಲಿ ಬರೆದದ್ದು 2015ರಲ್ಲಿ. ಇಲ್ಲಿಂದ ಅರ್ಜಿ ಹಾಕಿದರೆ ಶುಲ್ಕ 15,000 ರೂಪಾಯಿ. ಇದೂ ಪೊಲೀಸ್ ವಿಚಾರಣೆ ಆಗಿಯೇ ಬರುವುದು. ಸಿಕ್ಕರೆ ಮತ್ತೆ ಮತ್ತೆ ವೀಸಾ ಬೇಡ, ನೋಂದಣಿಯ ಓಡಾಟವೂ ಬೇಡ. ಆದರೆ ಹೆಸರಿನಲ್ಲಿ ನಾಗರಿಕ ಅಂತಿದ್ದರೂ ಅದು ಪೌರತ್ವವಲ್ಲ. ಮತ ಹಾಕುವಂತಿಲ್ಲ, ಸರ್ಕಾರಿ ಕೆಲಸವಿಲ್ಲ, ಹೊಲ ತೋಟ ಕೊಳ್ಳುವಂತಿಲ್ಲ. ಸೊಸೆಯ ಹೆಸರಿನಲ್ಲಿ ತೆಂಗಿನ ತೋಟ ಬರೆಸಬೇಕೆಂದು ಆಸೆಪಡುವ ಮಾವಂದಿರು ಸ್ವಲ್ಪ ತಡೆಯಿರಿ. ತಾನೋ ತಂದೆತಾಯಿಯೋ ಅಜ್ಜ ಮುತ್ತಜ್ಜರೋ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಗಳಾಗಿದ್ದವರಿಗೆ ಈ ಚೀಟಿ ಸಿಗುವುದಿಲ್ಲ.

ಪಾಕಿಸ್ತಾನದಿಂದ ಮದುವೆಯಾಗಿ ಬಂದವರು ನಮ್ಮ ಭಟ್ಕಳದ ಕಡೆಯೂ ಇದ್ದಾರೆ. ಅವರಿಗಿರುವುದು ದೀರ್ಘಾವಧಿ ವೀಸಾ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನ ದಾಳಿಯಾದ ಮೇಲೆ ಪಾಕಿಸ್ತಾನದವರ ವೀಸಾಗಳನ್ನು ಸರ್ಕಾರ ರದ್ದು ಮಾಡಿತು. ದೀರ್ಘಾವಧಿ ವೀಸಾ ಇದ್ದವರನ್ನು ಅದರಿಂದ ಹೊರಗಿಟ್ಟಿತು. ಮಕ್ಕಳು ಇಲ್ಲಿ, ತವರು ಅಲ್ಲಿ. ನಡುವೆ ನಿಂತ ಹೆಣ್ಣಿಗೆ ಆ ಹೊತ್ತಿನಲ್ಲಿ ಆಸರೆಯಾದದ್ದು ಸರಿಯಾದ ಸಮಯಕ್ಕೆ ಮಾಡಿಸಿಟ್ಟ ಒಂದು ಕಾಗದ.

ಪೌರತ್ವವೇ ಬೇಕೆಂದರೆ 7 ವರ್ಷ. ಭಾರತೀಯರನ್ನು ಮದುವೆಯಾಗಿ 7 ವರ್ಷ ಇಲ್ಲಿ ವಾಸವಿದ್ದವರು ನೋಂದಣಿಯ ಮೂಲಕ ಪೌರತ್ವ ಕೇಳಬಹುದು. ಅರ್ಜಿಗೆ ಮುಂಚಿನ 12 ತಿಂಗಳು ಬಿಡದೆ ಇಲ್ಲಿರಬೇಕು. ಅದಕ್ಕೂ ಹಿಂದಿನ 8 ವರ್ಷದಲ್ಲಿ ಒಟ್ಟು 6 ವರ್ಷ ಇದ್ದಿರಬೇಕು. ಅಂದರೆ ಬಾಣಂತನಕ್ಕೆ ತವರಿಗೆ ಹೋಗಿ ಬಂದ ದಿನಗಳನ್ನೂ ಡೈರಿಯಲ್ಲಿ ಗುರುತು ಹಾಕಿಡಿ. ನಮ್ಮ ದೇಶದಲ್ಲಿ ಎರಡು ಪೌರತ್ವಕ್ಕೆ ಜಾಗವಿಲ್ಲ. ಇದನ್ನು ಪಡೆದರೆ ಹುಟ್ಟಿದ ದೇಶದ್ದನ್ನು ಬಿಡಬೇಕು. ತವರಿನ ಹೆಸರನ್ನೇ ಕಾಗದದಿಂದ ಅಳಿಸುವ ಮಾತು ಇದು. ಆ ತೀರ್ಮಾನ ಅವಳದೇ ಆಗಿರಲಿ. ಅತ್ತೆಮನೆಯವರು ಅವಸರ ಮಾಡುವುದು ಬೇಡ.

ದೊಡ್ಡವರ ಮನೆಯಲ್ಲೂ ಇದು ಸಲೀಸಾಗಿ ನಡೆದಿಲ್ಲ. ಮುಂದೆ ರಾಷ್ಟ್ರಪತಿಗಳಾದ ಕೆ.ಆರ್. ನಾರಾಯಣನ್ ಅವರು ವಿದೇಶಾಂಗ ಸೇವೆಯಲ್ಲಿದ್ದಾಗ ಬರ್ಮಾದ ಹುಡುಗಿಯನ್ನು ಮೆಚ್ಚಿದರು. ಆ ಸೇವೆಯಲ್ಲಿದ್ದವರು ಪರದೇಶದವರನ್ನು ಮದುವೆಯಾಗುವಂತಿರಲಿಲ್ಲ. ನೆಹರೂ ಅವರ ವಿಶೇಷ ಅನುಮತಿ ಪಡೆದು 1951ರಲ್ಲಿ ದೆಹಲಿಯಲ್ಲಿ ಮದುವೆಯಾಯಿತು. ಆಕೆ ಉಷಾ ಎಂಬ ಹೆಸರಿಟ್ಟುಕೊಂಡು ಭಾರತದ ಪ್ರಜೆಯೂ ಆದರು. 1968ರಲ್ಲಿ ಸೊಸೆಯಾಗಿ ಬಂದ ಸೋನಿಯಾ ಗಾಂಧಿಯವರು ಭಾರತದ ಪೌರತ್ವ ಪಡೆದದ್ದು 1983ರಲ್ಲಿ, 15 ವರ್ಷದ ಮೇಲೆ. ಅವರೇ 1999ರಲ್ಲಿ ನಮ್ಮ ಬಳ್ಳಾರಿಯಿಂದ ಚುನಾವಣೆಗೆ ನಿಂತು ಗೆದ್ದರು. ರಾಜಕೀಯ ನಮಗೆ ಬೇಡ. ವರ್ಷಗಳ ಲೆಕ್ಕ ಮಾತ್ರ ನೋಡಿಕೊಳ್ಳಿ.

ಹೆಣ್ಣುಮಕ್ಕಳ ತಾಯಂದಿರಿಗೆ

ಅಳಿಯ ಪರದೇಶದವನಾದರೆ? ಇಂದು ನಿಯಮ ಒಂದೇ. ಆದರೆ ಇದು ಮೊದಲಿನಿಂದ ಹೀಗಿರಲಿಲ್ಲ. 1955ರ ಪೌರತ್ವ ಕಾಯಿದೆಯಲ್ಲಿ ಮದುವೆಯ ಮೂಲಕ ಪೌರತ್ವ ಕೇಳುವ ದಾರಿ ಇದ್ದದ್ದು ಭಾರತೀಯನನ್ನು ಮದುವೆಯಾದ ಹೆಂಗಸಿಗೆ ಮಾತ್ರ. ನಮ್ಮ ಹುಡುಗಿ ಕೈಹಿಡಿದ ಗಂಡಿಗೆ ಇರಲಿಲ್ಲ. ಹೆಣ್ಣು ಗಂಡನ ಹಿಂದೆ ಹೋಗುವವಳೇ ಹೊರತು ಗಂಡನನ್ನು ಕರೆತರುವವಳಲ್ಲ ಎಂದು ಕಾನೂನು ಬರೆದವರು ತಿಳಿದಿದ್ದರೋ ಏನೋ! 1986ರ ತಿದ್ದುಪಡಿಯಲ್ಲಿ ಇಬ್ಬರಿಗೂ ದಾರಿ ಒಂದೇ ಆಯಿತು. ಪರದೇಶದಲ್ಲಿ ಹುಟ್ಟಿದ ಮಗುವಿಗೂ ಮೊದಲು ತಂದೆ ಭಾರತೀಯನಾಗಿದ್ದರೆ ಮಾತ್ರ ವಂಶದ ಪೌರತ್ವ. ತಾಯಿಯ ಕಡೆಯಿಂದಲೂ ಬರುವಂತಾದದ್ದು 1992ರ ಡಿಸೆಂಬರ್‌ನಿಂದ. ಒಂಬತ್ತು ತಿಂಗಳು ಹೊತ್ತವಳ ದೇಶ ಲೆಕ್ಕಕ್ಕೆ ಬರಲು ಅಷ್ಟು ವರ್ಷ ಬೇಕಾಯಿತು.

ನಮ್ಮ ಮಗಳೇ ಆ ದೇಶಕ್ಕೆ ಹೋಗುವಾಗಲೂ ಇಂಥದೇ ಬಾಗಿಲುಗಳು. ಅಮೆರಿಕದ ಪ್ರಜೆಯನ್ನು ಮದುವೆಯಾಗಿ 2 ವರ್ಷ ಆಗುವ ಮುಂಚೆ ಗ್ರೀನ್ ಕಾರ್ಡ್ ಸಿಕ್ಕರೆ ಅದು 2 ವರ್ಷದ ಷರತ್ತಿನ ಕಾರ್ಡ್. ಅವಧಿ ಮುಗಿಯುವ ಮುಂಚಿನ 90 ದಿನದಲ್ಲಿ ಷರತ್ತು ತೆಗೆಯಲು ಗಂಡಹೆಂಡಿರು ಸೇರಿ ಅರ್ಜಿ ಹಾಕಬೇಕು. ಜರ್ಮನಿಯಲ್ಲಿರುವ ಗಂಡನ ಬಳಿ ಹೋಗಲು ನಮ್ಮ ಹುಡುಗಿಯರು ಸಾಮಾನ್ಯವಾಗಿ ಮೊದಲೇ ಸ್ವಲ್ಪ ಜರ್ಮನ್ ಕಲಿತು ಪರೀಕ್ಷೆ ಮುಗಿಸಬೇಕು. ನಮ್ಮ ದೇಶ ಸೊಸೆಯಾಗಿ ಬರುವವಳಿಗೆ ಭಾಷೆಯ ಪರೀಕ್ಷೆ ಇಟ್ಟಿಲ್ಲ. ಆದರೆ ನಾವು ಕಲಿಸದೆ ಬಿಡುವುದಿಲ್ಲವಲ್ಲ! ಊರಿಗೆ ಬಂದವಳು ನೀರಿಗೆ ಬಾರದಿರುವಳೇ?

ಅತ್ತೆಯಂದಿರಿಗೆ ನಾಲ್ಕು ಮಾತು

ಒಂದನೆಯದು. ಸೊಸೆಯ ಪಾಸ್‌ಪೋರ್ಟನ್ನು ನಿಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. "ಕಳೆದು ಹೋದೀತು, ನಾನು ಜೋಪಾನ ಮಾಡುತ್ತೇನೆ" ಅನ್ನುವುದು ನಮ್ಮ ಕಡೆಯ ಪ್ರೀತಿ. ಪರದೇಶದಲ್ಲಿ ಒಂಟಿಯಾಗಿರುವ ಹುಡುಗಿಗೆ ಅದು ಸೆರೆಯ ಹಾಗೆ ಕಾಣುತ್ತದೆ. ಅವಳ ಕಾಗದ ಅವಳ ಕೈಯಲ್ಲಿರಲಿ.

ಎರಡನೆಯದು. ಅವಳು ಇಲ್ಲಿರುವ ಹಕ್ಕೇ ಮದುವೆಯ ಮೇಲೆ ನಿಂತಿದೆ. ಮದುವೆಯಿಂದ ಬಂದ ಓಸಿಐ ಚೀಟಿಯನ್ನು ಮದುವೆ ಮುರಿದರೆ ರದ್ದು ಮಾಡಬಹುದು. ನಮ್ಮ ಹೆಣ್ಣುಮಕ್ಕಳು ಜಗಳವಾದರೆ ಸಂಜೆಯ ಬಸ್ಸಿಗೆ ತವರಿಗೆ ಹೋಗಿಬಿಡುತ್ತಾರೆ. ಅವಳಿಗೆ ಆ ಬಸ್ಸಿಲ್ಲ. ಆದ್ದರಿಂದ ಸಿಟ್ಟಿನಲ್ಲಿಯೂ "ನಿನ್ನ ವೀಸಾ ನಮ್ಮ ಕೈಯಲ್ಲಿದೆ" ಎಂಬ ಮಾತು ಮಗನ ಬಾಯಲ್ಲಿ ಬಾರದಂತೆ ನೋಡಿಕೊಳ್ಳುವುದು ಹೆತ್ತವಳ ಕೆಲಸ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ರಕ್ಷಣೆ ಕೊಡುವುದು "ಯಾವುದೇ ಮಹಿಳೆ"ಗೆ. ಅವಳ ಪಾಸ್‌ಪೋರ್ಟಿನ ಬಣ್ಣ ಕೇಳುವುದಿಲ್ಲ.

ಮೂರನೆಯದು. ದಲ್ಲಾಳಿಗಳನ್ನು ದೂರವಿಡಿ. ನಮ್ಮ ಬೀದಿಯವರಿಗೂ ಒಬ್ಬ ಸಿಕ್ಕಿದ್ದ. ಒಂದೇ ತಿಂಗಳಲ್ಲಿ ಎಲ್ಲ ಮಾಡಿಸಿಕೊಡುತ್ತೇನೆಂದು ಮುಂಗಡ ತೆಗೆದುಕೊಂಡವನು ಆಮೇಲೆ ಫೋನೇ ಎತ್ತಲಿಲ್ಲ. 2 ವರ್ಷ ಎಂದು ಕಾನೂನು ಹೇಳಿದ್ದನ್ನು ಯಾವ ದಲ್ಲಾಳಿಯೂ 1 ತಿಂಗಳು ಮಾಡಲಾರ. ಶುಲ್ಕ ಕಟ್ಟಿದ್ದಕ್ಕೆ ರಸೀತಿ ಬರುವ ಕಡೆ ಮಾತ್ರ ದುಡ್ಡು ಕಟ್ಟಿ.

ನಾಲ್ಕನೆಯದು. ಒಂದು ಗಟ್ಟಿ ಫೈಲು ಕೊಳ್ಳಿ. ಮೇಲೆ ವೀಸಾ ಮುಗಿಯುವ ತಾರೀಖನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಒಳಗೆ ಮದುವೆಯ ಪ್ರಮಾಣಪತ್ರದ ಪ್ರತಿಗಳು, ಪಾಸ್‌ಪೋರ್ಟಿನ ಪ್ರತಿ, ಅರ್ಜಿಗಳ ಸ್ವೀಕೃತಿ, ರಸೀತಿಗಳು, ಕರೆಂಟಿನ ಬಿಲ್ಲು, ಇಬ್ಬರೂ ಒಟ್ಟಿಗೆ ಇರುವ ಹಬ್ಬ ಹುಣ್ಣಿಮೆಯ ನಾಲ್ಕು ಫೋಟೋ. ಎಲ್ಲ ಕಾಗದದಲ್ಲೂ ಅವಳ ಹೆಸರಿನ ಅಕ್ಷರ ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ ಇದೆಯೇ ಅಂತ ಒಂದೊಂದೇ ಓದಿ ನೋಡಿ. ಮನೆಯಲ್ಲಿ ಪ್ರೀತಿಯಿಂದ ಗೌರಿ ಎಂದು ಕರೆಯಿರಿ, ಅರ್ಜಿಯಲ್ಲಿ ಬರೆಯಬೇಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿ ಗುರುತಿರುವ ಕಡೆಯೇ ವೀಸಾದ ತಾರೀಖಿಗೆ 2 ತಿಂಗಳು ಮುಂಚೆ ಒಂದು ಕೆಂಪು ಸೊನ್ನೆ ಹಾಕಿಡಿ. ಶುಲ್ಕ, ನಮೂನೆಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ದಿನ ಕಚೇರಿಯಲ್ಲಿ ಇನ್ನೊಮ್ಮೆ ಕೇಳಿಕೊಳ್ಳಿ.

ಇನ್ನು ಊಟದ ಮಾತು ಬಿಟ್ಟರೆ ಈ ಅಂಕಣಕ್ಕೆ ಸೊಗಸಿಲ್ಲ. ಖಾರ ಒಗ್ಗದ ಬಸುರಿಗೆ ಮೊದಮೊದಲು ಹುಳಿ, ಸಾರು ಬೇಡ. ಹೆಸರುಬೇಳೆ ತೊವ್ವೆಗೆ ಜೀರಿಗೆ, ಶುಂಠಿ ಹಾಕಿ ತುಪ್ಪದ ಒಗ್ಗರಣೆ ಕೊಡಿ. ಮೊಸರನ್ನಕ್ಕೆ ಸೌತೆಕಾಯಿ ತುರಿದು ಬೆರೆಸಿ. ಆಲೂಗಡ್ಡೆ ಬೇಯಿಸಿ ಬೆಣ್ಣೆ, ಮೆಣಸಿನ ಪುಡಿ ಉದುರಿಸಿ ಕೊಟ್ಟರೆ ಅವಳ ತವರಿನ ರುಚಿಗೆ ಹತ್ತಿರ. ಮುಂದಿನ ಸಂಚಿಕೆಯಲ್ಲಿ ಬಸುರಿಯರಿಗೆ ಕಾರವಿಲ್ಲದ ಏಳು ಬಗೆಯ ಪಲ್ಯಗಳನ್ನು ಬರೆಯುತ್ತೇನೆ. ನಿಮಗೆ ಗೊತ್ತಿರುವ ಬಗೆ ಇದ್ದರೆ ಕಾರ್ಡು ಹಾಕಿ.